ನಿಯೋಜನೆಯ ಮೇಲಿರುವ ಕಾಡುಸೇವಂತಿಗೆ

ಕಡಲಂಚಿನ ಕಾಡಿನ ನೇರಳೆ ಕಾಡುಸೇವಂತಿಗೆಯು ಇಲಾಖೆ ಹಾಕಿದ ಬೇಲಿಯ ಒಳಗೆ ಮಾತ್ರ ಅರಳತಕ್ಕದ್ದು ಎಂದು ಆದೇಶವಾಗಿತ್ತು. ಆದೇಶದ ಪ್ರತಿಯನ್ನು ಹೂವಿಗೆ ಮುಟ್ಟಿಸಿದವನು ಕಾಡಿನ ಕಾವಲುಗಾರನೇ. ಗಿಡದ ಬುಡದಲ್ಲಿಟ್ಟು, ಹಾರಿಹೋಗದಂತೆ ಮೇಲೊಂದು ಕಲ್ಲು ಹೇರಿ ಬಂದಿದ್ದ.

ಬೇಲಿ ಗಟ್ಟಿಯಾಗಿತ್ತು. ಕಂಬ ನೆಟ್ಟವರ ಕಾಲಡಿ ಸಿಕ್ಕಿ ಒಳಗಿನ ಗಿಡಗಳೆಲ್ಲ ನೆಲಕಚ್ಚಿದವು, ಅಷ್ಟೇ. ಆದರೆ ಬೀಜಗಳು ಅದಕ್ಕೂ ಮೊದಲೇ ಗಾಳಿಗೆ ಹಾರಿದ್ದವು. ಮರುವರ್ಷ ಬೇಲಿಯ ಹೊರಗೆ, ಕಾಲುದಾರಿಯ ಪಕ್ಕ, ನಲವತ್ತೊಂದು ಗಿಡಗಳು ತಲೆಯೆತ್ತಿದವು. ಹನ್ನೆರಡು ವರ್ಷ ಆ ಹೂವನ್ನು ಕಾದ ಕಾವಲುಗಾರನಿಗೆ ಹೋದ ಜೀವ ಬಂದಂತಾಯಿತು. ಓಡೋಡಿ ಹೋಗಿ ವರದಿ ಒಪ್ಪಿಸಿದ.

ಸಾಹೇಬರು ಕಡತ ತಿರುವಿದರು. "ಕಡತದ ಪ್ರಕಾರ ಹೂವು ಒಳಗಿದೆ. ಹೊರಗಿರೋದು ಕಳೆ. ನಾಳೆ ಕಿತ್ತು ಹಾಕಯ್ಯ."

"ಸಾರ್, ಒಳಗೆ ಒಂದೂ ಇಲ್ಲ. ಇವನ್ನೂ ಕಿತ್ತರೆ ವಂಶವೇ ನಿರ್ವಂಶ."

"ಆಗ ತೀರಾ ಅಪರೂಪದ ಹೂವು ಅಂತ ಇನ್ನೊಂದು ಬೇಲಿ ಹಾಕಿಸೋಣ. ಯೋಚನೆ ಮಾಡಬೇಡ."

ಮಧ್ಯಾಹ್ನ ಕಾವಲುಗಾರ ಊಟಕ್ಕೆ ಮನೆಗೆ ಹೋದ. ವಿಷಯ ಕೇಳಿದ ಹೆಂಡತಿ, "ಅಲ್ರೀ, ಟೀಚರ್ ಆಗಿರೋ ನಿಮ್ಮಕ್ಕ ಇದ್ದ ಸ್ಕೂಲು ಬಿಟ್ಟು ಬೇರೆ ಊರಿಗೆ ಹೋದಾಗ ಅವರನ್ನ ಯಾರಾದ್ರೂ ಕಿತ್ತು ಹಾಕಿದ್ರಾ? ಟ್ರಾನ್ಸ್‌ಫರ್ ತಗೊಂಡ್ರು ತಾನೇ?" ಎಂದಳು.

ಮರುದಿನ ಅವನು ಕುಡುಗೋಲಿನ ಬದಲು ಅರ್ಜಿ ಹಿಡಿದು ಕಚೇರಿಗೆ ಹೋದ. 'ಕೆಳಗೆ ಸಹಿ ಮಾಡಿರುವ ನಾವು ನಲವತ್ತೊಂದು ಜನ, ಗಾಳಿಯ ಕಾರಣದಿಂದ, ಬೇಲಿಯ ಹೊರಗೆ ವರ್ಗಾವಣೆ ಕೋರುತ್ತೇವೆ.' ಸಹಿಯ ಜಾಗದಲ್ಲಿ ಎಸಳುಗಳನ್ನು ಅಂಟಿಸಿದ್ದ.

ಗುಮಾಸ್ತರು ಎಣಿಸಿದರು. "ನಲವತ್ತೇ ಇದೆಯಲ್ಲ?"

"ಒಂದು ಇನ್ನೂ ಮೊಗ್ಗು, ಸಾರ್."

"ಹಾಗಾದ್ರೆ ಪೋಷಕರ ಸಹಿ ಬೇಕು."

ಕಾವಲುಗಾರ ಪೋಷಕನಾಗಿ ಸಹಿ ಹಾಕಿದ. ಹಾಕುವಾಗ ಕಣ್ಣು ತುಸು ಮಂಜಾಯಿತು.

ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು. ಕಳೆಗಳು ಅರ್ಜಿ ಹಾಕುವುದಿಲ್ಲ ಎಂಬ ಕಾನೂನು ಅವರಿಗೂ ಗೊತ್ತಿತ್ತು. "ಮೇಲಿನವರ ಒಪ್ಪಿಗೆ ಬರೋವರೆಗೆ ನಿಯೋಜನೆ ಮೇಲೆ ಹೊರಗಿರಲಿ," ಎಂದು ಷರಾ ಬರೆದರು.

ಈಗ ಕಾವಲುಗಾರ ಪ್ರತಿ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ದಾರಿಯುದ್ದಕ್ಕೂ ನಡೆಯುತ್ತಾನೆ. ಅರಳಿದ್ದು ಹಾಜರು, ಬಾಡಿದ್ದು ರಜೆ. ಮೂಲ ಹುದ್ದೆಗಳು ಬೇಲಿಯೊಳಗೇ ಇರುವುದರಿಂದ ಅಲ್ಲಿನ ಬರಿನೆಲಕ್ಕೂ ದಿನಾ ನೀರು ಹೊಯ್ಯುತ್ತಾನೆ.

ಮೊನ್ನೆ ಸೌದೆಗೆ ಬಂದ ಅಜ್ಜಿಯೊಬ್ಬರು ಹೂವಿಗೆ ಕೈ ಹಾಕಿದರು.

"ಅಜ್ಜೀ, ಅದು ಡ್ಯೂಟಿ ಮೇಲಿದೆ."

"ಅಯ್ಯೋ, ಗೊತ್ತಾಗ್ಲಿಲ್ಲಪ್ಪಾ," ಎಂದ ಅಜ್ಜಿ ಹೂವಿಗೊಂದು ನಮಸ್ಕಾರ ಹಾಕಿ, ದಾರಿ ಬಿಟ್ಟುಕೊಟ್ಟು, ಪಕ್ಕದ ಮುಳ್ಳಿನಲ್ಲೇ ನಡೆದುಹೋದರು.