ಇಪ್ಪತ್ತು ಸಾವಿರದ ಕಟ್ಟಿಗೆ ಮಶೀನು

ಇಪ್ಪತ್ತು ಸಾವಿರ ರೂಪಾಯಿ. ಕಟ್ಟಿಗೆ ಸೀಳುವ ಮಶೀನಿಗೆ ನಾನು ತೆಗೆದಿಟ್ಟಿದ್ದು ಇಷ್ಟೇ. ಸೇಡಂನಲ್ಲಿ ನನ್ನದು ಕಟ್ಟಿಗೆ ಮಾರುವ ಅಡ್ಡಾ. ಚಿಂಚೋಳಿಯ ಅಡುಗೆ ಭಟ್ಟರೊಬ್ಬರು, "ಸೀಳಿದ ಕಟ್ಟಿಗಿ ಕೊಟ್ರ ಈ ಸಲದ ಎಲ್ಲಾ ಮದುವಿ ಆರ್ಡರ್ ನಿಮಗೇ. ಇಲ್ಲಾಂದ್ರ ಚಿತ್ತಾಪುರದವ ಅದಾನ" ಎಂದಿದ್ದರು. ಕೊಡಲಿ ಹಿಡಿಯುವ ಆಳು ಸಿಗುತ್ತಿರಲಿಲ್ಲ. ಹೊಸ ಮಶೀನಿನ ರೇಟು ಕೇಳಿದ ದಿನ ನನಗೆ ಊಟ ರುಚಿಸಲಿಲ್ಲ. ಹಳೇ ಸಾಮಾನು ಕೂಡಿಸಿ ನಾನೇ ಮಾಡಿಸುತ್ತೇನೆಂದು ಹೊರಟೆ. ಹಳೇ ಕಬ್ಬಿಣದ ಬೆನ್ನು ಹತ್ತಿದವನಿಗೆ ದಿನಕ್ಕೊಂದು ತಮಾಷೆ ತಪ್ಪುವುದಿಲ್ಲ.

ವಾಡಿಯ ಜಾಕು

ವಾಡಿಯ ಗುಜರಿ ಅಂಗಡಿಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಎತ್ತುವ ಜಾಕು ಸಿಕ್ಕಿತು.

"ಭಾಳ ಛಲೋ ಮಾಲ್ ಅದರಿ ಸಾವ್ಕಾರ್ರ" ಎಂದ ಅಂಗಡಿಯವ.

"ಅಷ್ಟು ಛಲೋ ಇದ್ರ ನಿನ್ನ ಕಡಿ ಯಾಕ ಬಂತು?"

"ಟ್ರಾಲಿ ಕೆಟ್ಟದರಿ. ಜಾಕ್ ಕೆಟ್ಟಿಲ್ಲ."

ರೇಟು ಇಳಿಯಲಿಲ್ಲ. ನಾನು ಎದ್ದು ಹೊರಟೆ, ಹಿಂದಿನಿಂದ ಕರೆಯುತ್ತಾನೆಂದು. ಕರೆಯಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದರೆ ಜಾಕನ್ನು ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ದ. ಪಕ್ಕದಲ್ಲಿ ಚಹಾ.

"ಲಗೂನ ಕುಡೀರಿ" ಎಂದ. "ನೀವು ಅರ್ಧ ದಾರಿಯಿಂದ ತಿರುಗಿ ಬರ್ತೀರಂತ ತರಿಸಿದ್ದೆ. ಆರಿ ಹೋಗ್ಯದ."

ಗರ್ಡರಿಗೆ ಸೀಟು

ಶಹಾಬಾದಿನಲ್ಲಿ ಒಂದು ಫರ್ಸಿ ಕಲ್ಲಿನ ಕಾರ್ಖಾನೆ ಬಿಚ್ಚುತ್ತಿದ್ದರು. ಅಲ್ಲಿ ಮಶೀನಿನ ಅಡಿಗೆಂದು ಆರು ಫೂಟಿನ ಕಬ್ಬಿಣದ ಗರ್ಡರ್ ಕೊಂಡು ಟಂಟಂ ಆಟೋದಲ್ಲಿ ಹಾಕಿದೆ. ನಾಲ್ಕು ಮಂದಿಯ ಜಾಗ ಹಿಡಿಯಿತೆಂದು ಡ್ರೈವರ್ ನಾಲ್ಕು ಸೀಟಿನ ರೊಕ್ಕ ತೆಗೆದುಕೊಂಡ. ಎರಡು ಮೈಲಿ ಹೋಗುವುದರೊಳಗೆ ಮೂವರು ಹೆಂಗಸರನ್ನು ಹತ್ತಿಸಿ ಅದೇ ಗರ್ಡರಿನ ಮೇಲೆ ಕೂರಿಸಿದ.

"ಆ ಜಾಗದ್ದು ನಾ ಕೊಟ್ಟೀನಲ್ಲೋ?"

"ನೀವು ಕೆಳಗಿಂದು ಕೊಟ್ಟೀರಿ. ಅವರು ಮ್ಯಾಲಿಂದು ಕೊಡ್ತಾರ."

ನಾನು ಮೂಲೆಗೆ ಸರಿದು ಕೂತೆ. ಗರ್ಡರಿನ ಮೇಲೆ ಕೂತ ಒಬ್ಬಾಕೆ ನನ್ನ ಕಡೆ ತಿರುಗಿದಳು. "ಕಾಕಾ, ಇನ್ನೊಮ್ಮಿ ಗರ್ಡರ್ ತರೂ ಮುಂದ ಒಂದು ದಿಂಬು ತರ್ರಿ" ಎಂದಳು.

ನವಿಲು

ನಮ್ಮೂರ ವೆಲ್ಡಿಂಗಿನವ ಜೀವಮಾನವೆಲ್ಲ ಮನೆ ಗೇಟು ಮಾಡಿದವ. ಗರ್ಡರಿಗೆ ಜಾಕು ಕೂಡಿಸಿದ, ಬ್ಲೇಡು ಹಚ್ಚಿದ, ಹಳೇ ಪಂಪಿನ ಇಂಜಿನ್ನು ಕೂರಿಸಿದ. ನಾನು ಹೋಗಿ ನೋಡಿದರೆ ಬ್ಲೇಡಿನ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ನವಿಲು ನಿಂತಿವೆ.

"ಇದು ಕಟ್ಟಿಗಿ ಸೀಳೂ ಮಶೀನಪ್ಪಾ."

"ಗೊತ್ತದರಿ. ಕಟ್ಟಿಗಿ ಚಕ್ಕಿ ಸಿಡಿದು ನವಿಲಿನ ಕಣ್ಣಿಗೆ ಬಡೀಬಾರದಂತ ಮಾರಿ ಆ ಕಡಿ ತಿರುಗಿಸೀನಿ."

ಭಟ್ಟರು ಮೇಲೆ, ಭಟ್ಟರು ಕೆಳಗೆ

ಚಾಲೂ ಮಾಡುವ ದಿನ ಭಟ್ಟರೇ ಬಂದರು. ಮರುದಿನ ಕುರಕುಂಟಾದಲ್ಲಿ ಮದುವೆ, ಕಟ್ಟಿಗೆ ಅಂದೇ ಬೇಕು. ಜಾಕು ಜಾಲಿ ದಿಮ್ಮಿಯನ್ನು ಬ್ಲೇಡಿಗೆ ಒತ್ತಿತು. ದಿಮ್ಮಿ ಎರಡಾಯಿತು. ಚಪ್ಪಾಳೆ ಬಿತ್ತು. ಆದರೆ ಮುಂದೆ ಹೋದ ಜಾಕು ಹಿಂದಕ್ಕೆ ಬರಲಿಲ್ಲ.

ವೆಲ್ಡಿಂಗಿನವ ತಲೆ ಕೆರೆದುಕೊಂಡ. "ಟ್ರಾಲಿ ಜಾಕ್ ಬರೀ ಎತ್ತತದರಿ. ಇಳೀಲಿಕ್ಕ ಟ್ರಾಲಿ ಭಾರ ಬೇಕು."

"ಈಗ ಟ್ರಾಲಿ ಎಲ್ಲಿಂದ ತರಲಿ?"

ಜಾಕಿನ ತುದಿಗೆ ಹಗ್ಗ ಕಟ್ಟಿ, ಹಿಂದಿದ್ದ ಬೇವಿನ ಟೊಂಗೆಗೆ ಬಾವಿಯ ಗಡಗಡಿ ಹಾಕಿ, ಹಗ್ಗದ ಇನ್ನೊಂದು ತುದಿಗೆ ಫರ್ಸಿ ತೂಗಿಬಿಟ್ಟೆವು. ಸಾಲಲಿಲ್ಲ. ಎರಡನೇ ಫರ್ಸಿ ಕಟ್ಟುವಾಗ ಕೈ ಜಾರಿ ಎರಡೂ ಒಡೆದವು. ನಾನು ಭಟ್ಟರನ್ನು ಮೇಲಿಂದ ಕೆಳಗೆ ನೋಡಿದೆ.

"ಹಂಗ್ಯಾಕ ನೋಡ್ತೀರಿ?" ಎಂದರು.

"ಕುಂದ್ರಿ ಭಟ್ಟರ. ನಾಳಿ ಒಲಿ ಹಚ್ಚಾವ್ರು ನೀವು."

ಹಗ್ಗಕ್ಕೆ ಹಲಗೆ ಕಟ್ಟಿದೆವು. ಭಟ್ಟರು ಸ್ಟೂಲು ಹತ್ತಿ ಕೂತರು. ಅವರು ಕೆಳಗಿಳಿದಂತೆ ಜಾಕು ಹಿಂದೆ ಬಂತು. ಮುಂದಿನ ದಿಮ್ಮಿಗೆ ಜಾಕು ಮುಂದೆ ಹೋಯಿತು, ಭಟ್ಟರು ಮೇಲೇರಿದರು. ಸಂಜೆತನಕ ಇದೇ ಆಯಿತು. ನಡುವೆ ಮದುವೆ ಮನೆಯಿಂದ ಫೋನು ಬಂತು. "ಒಂದು ಮಿನಿಟ್ ತಡೀರಿ, ಕೆಳಗ ಬಂದು ಮಾತಾಡ್ತೀನಿ" ಎಂದರು.

ಹೊರಡುವಾಗ ಬಿಲ್ಲು ನೋಡಿದರು. "ಸೀಳೂ ಕೂಲಿ ಯಾಕ ಹಚ್ಚೀರಿ? ದುಡಿದವ ನಾ ಅಲ್ಲೇನು?"

"ಸೀಳಿದ್ದು ಮಶೀನ್ ರಿ. ನೀವು ಜೋಕಾಲಿ ಆಡೀರಿ. ಅದಕ್ಕ ನಾ ಏನೂ ಹಚ್ಚಿಲ್ಲ."

ಭಟ್ಟರು ನಕ್ಕು, ಪೂರ್ತಿ ಕೊಟ್ಟು ಹೋದರು. ಮಶೀನಿಗೆ ಹೋದದ್ದು ಹತ್ತೊಂಬತ್ತು ಸಾವಿರದ ಆರುನೂರು. ಬಂದದ್ದು ಒಂದು ಲೋಡಿನ ರೊಕ್ಕ, ಸೀಳಿದ ಕೂಲಿ, ಆ ಸಲದ ಅಷ್ಟೂ ಮದುವೆ. ಸಂಜೆತನಕ ಜೋಕಾಲಿ ಆಡಿದ ಆಳಿಗೆ ಕೊಟ್ಟದ್ದು ಒಂದು ಪ್ಲೇಟು ಮಿರ್ಚಿ ಭಜಿ.