ಪದ್ಮಿನಿಯ ಹೊಟ್ಟೆಗೆ ಮೇಣದ ಕವಚ

"ಕೊಡಗಿನ ಮೇಲಿರುವ ಮೋಡಗಳೆಲ್ಲ ಒಟ್ಟಾಗಿ ಬಂದು ಸುರಿದರೂ ಸರಿ, ಈ ಸಲ ನನ್ನ ಕಾರಿನ ತಳಕ್ಕೆ ಸಾಸಿವೆ ಕಾಳಿನಷ್ಟು ತುಕ್ಕು ಹಿಡಿಯುವುದಿಲ್ಲ! ಹಿಡಿದರೆ ನನ್ನ ಹೆಸರು ಶಶಿಧರನೇ ಅಲ್ಲ!"

ಈ ಘೋಷಣೆಯನ್ನು ನಾನು ಹೊರಡಿಸಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಸಭೆಯಲ್ಲಿ ಹಾಜರಿದ್ದವಳು ನನ್ನ ಹೆಂಡತಿ ಪವಿತ್ರಾ ಒಬ್ಬಳೇ. ಅವಳೂ ನನಗೆ ಬೆನ್ನು ಹಾಕಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

"ಹಂಗಾದ್ರೆ ಬೇರೆ ಹೆಸರು ಯೋಚ್ನೆ ಮಾಡಿಟ್ಕೊಳ್ಳಿ," ಎಂದಳು, ತಿರುಗಿಯೂ ನೋಡದೆ.

ನಾನು ಕುಶಾಲನಗರದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಎಂತೆಂಥ ಸಾಮ್ರಾಜ್ಯಗಳು ಏಕೆ ಬಿದ್ದವು ಎಂಬುದನ್ನು ಕಾರಣ ಸಮೇತ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಅಂಥವನಿಗೆ ಒಂದು ಕಾರನ್ನು ಬೀಳದಂತೆ ಕಾಪಾಡಲು ಬರುವುದಿಲ್ಲವೇ?

ಕಾರೂ ಸಾಮಾನ್ಯದ್ದಲ್ಲ. ಹಾಲಿನ ಕೆನೆ ಬಣ್ಣದ ಹಳೆಯ ಪ್ರೀಮಿಯರ್ ಪದ್ಮಿನಿ! ನನ್ನ ಮಾವ ನಾಗರಾಜು ಅರಕಲಗೂಡು ಕಡೆಯಿಂದ ಬಂದು ಹೆಬ್ಬಾಲೆಯಲ್ಲಿ ಶುಂಠಿ ಬೆಳೆದು ನೆಲೆ ನಿಂತವರು. ಶುಂಠಿ ಮೊದಲ ಸಲ ಕೈಹಿಡಿದ ವರ್ಷ ಅದನ್ನು ಎಸ್ಟೇಟಿನ ಸಾಹುಕಾರರೊಬ್ಬರಿಂದ ಕೊಂಡಿದ್ದರು. ಕಣ್ಣು ಮಂಜಾಗಿ ಓಡಿಸಲು ಆಗದಿದ್ದಾಗ, "ನೋಡ್ಕೊಳಿ" ಎಂದು ಗುಡ್ಡೆಹೊಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ಹೋದರು. ಕೊಟ್ಟರೋ, ಇಟ್ಟರೋ ಎಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ.

ಈ ಅಸ್ಪಷ್ಟತೆಯ ಸಂದಿಯಲ್ಲೇ ನನ್ನ ಷಡ್ಡಕ ನಿರಂಜನ್ ನುಸುಳಿದ. ಪವಿತ್ರಾಳ ಅಕ್ಕನ ಗಂಡ, ಮೈಸೂರಿನವನು. ಯುಗಾದಿಯ ದಿನ ಎಲ್ಲರೂ ಹೋಳಿಗೆ ತಿನ್ನುತ್ತಿರುವಾಗ ನಯವಾಗಿ ಶುರು ಮಾಡಿದ.

"ಮಾವ, ಕೊಡಗಿನ ಮಳೇಲಿ ಕಾರಿನ ತಳ ಹಪ್ಪಳ ಆಗೋಗುತ್ತೆ. ನಮ್ಮ ಮೈಸೂರಲ್ಲಾದ್ರೆ ಒಣ ಹವೆ. ನಾನು ತಗೊಂಡೋಗಿ ಮಗು ಥರ ನೋಡ್ಕೋತೀನಿ."

"ನಾನೇನು ಮಲತಾಯಿ ಥರ ನೋಡ್ಕೋತಿದೀನಾ?" ಎಂದು ನಾನು ಸಿಡಿದೆ. ಹೋಳಿಗೆ ಬಾಯಲ್ಲಿದ್ದುದರಿಂದ ಮಾತಿನ ಗಾಂಭೀರ್ಯ ಸ್ವಲ್ಪ ಕೆಟ್ಟಿತು.

ಮಾವ ಇಬ್ಬರನ್ನೂ ನೋಡಿ ತೀರ್ಪು ಕೊಟ್ಟರು. "ಮಳೆ ಹಿಡಿಯೋಕೆ ಮುಂಚೆ ನಾನೇ ಬರ್ತೀನಿ. ನನ್ನ ಕೊಡೆ ತುದಿ ಅದರ ತಳದಲ್ಲಿ ಎಲ್ಲಾದ್ರೂ ತೂರ್ತೋ, ಕಾರು ಮೈಸೂರಿಗೆ. ತೂರ್ಲಿಲ್ವೋ, ಶಶಿಧರಂದು. ಆಮೇಲೆ ಯಾರೂ ಉಸಿರೆತ್ತಬಾರದು!"

ಪದ್ಮಿನಿಯನ್ನು ಆ ಷಡ್ಡಕ ತನ್ನ ಬಡಾವಣೆಯಲ್ಲಿ ಹಾರ್ನ್ ಹೊಡೆದುಕೊಂಡು ಓಡಿಸುವ ದೃಶ್ಯ ಕಣ್ಣ ಮುಂದೆ ಬಂದು ನನಗೆ ಹೊಟ್ಟೆ ಉರಿಯಿತು. ಬೇಸಿಗೆ ರಜೆ ಬೇರೆ ಶುರುವಾಗಿತ್ತು. ಯುದ್ಧಕ್ಕೆ ಇಳಿದೆ.

ಪೇಟೆಯ ಗ್ಯಾರೇಜಿನವರು, "ತಳಕ್ಕೆ ಕರೀ ರಬ್ಬರ್ ಪೇಂಟ್ ಹೊಡೆದು ಕೊಡ್ತೀವಿ ಸಾರ್, ಸಂಜೆಗೆ ತಗೊಂಡೋಗಿ," ಎಂದರು. ನಾನು ಒಪ್ಪಲಿಲ್ಲ. ವಿದೇಶದ ಮುದುಕರೊಬ್ಬರು ಹಳೇ ಕಾರುಗಳ ಕೆಳಗೆ ಮಲಗಿಕೊಂಡೇ ಪಾಠ ಮಾಡುವ ವಿಡಿಯೋಗಳನ್ನು ಅಷ್ಟೂ ನೋಡಿ ಮುಗಿಸಿದ್ದೆ. ಬಾಗಿಲುಗಳ ಕೆಳಗೆ, ಕಾರಿನ ಉದ್ದಕ್ಕೆ, ತಗಡಿನದೊಂದು ಪೊಳ್ಳು ತೊಲೆ ಇರುತ್ತದೆ. ತುಕ್ಕು ಹುಟ್ಟುವುದೇ ಅದರ ಒಳಗೆ. ಅದರ ತಳದಲ್ಲಿ ಬೆರಳು ತೂರುವಷ್ಟು ತೂತುಗಳು, ಅವಕ್ಕೆ ರಬ್ಬರ್ ಬಿರಡೆಗಳು. ಬಿರಡೆ ಕಿತ್ತು ಒಳಗೆಲ್ಲ ಕರಗಿದ ಮೇಣ ಹಾಯಿಸಿಬಿಟ್ಟರೆ ನೀರಿಗೆ ಪ್ರವೇಶವೇ ಇಲ್ಲ! ಹೊರಗಿನ ಶತ್ರುವಿಗಿಂತ ಒಳಗಿನ ಶತ್ರುವಿನಿಂದಲೇ ಕೋಟೆಗಳು ಬಿದ್ದದ್ದು ಎಂದು ನಾನು ವರ್ಷಾವರ್ಷ ಪಾಠ ಮಾಡುತ್ತೇನಲ್ಲ, ಇದೂ ಅದೇ.

"ಮೇಣ ಅಂದ್ರೆ? ಕರೆಂಟ್ ಹೋದಾಗ ಹಚ್ಚೋ ಮೇಣದಬತ್ತಿನಾ?" ಎಂದು ಪವಿತ್ರಾ ಕೇಳಿದಳು.

"ಛೆ! ಶುದ್ಧ ಜೇನುಮೇಣ ಕಣೇ. ಕೊಡಗಿನ ಕಾರಿಗೆ ಕೊಡಗಿನ ಮೇಣ!"

ಪಕ್ಕದ ಕಾಫಿ ತೋಟದ ಪೂವಮ್ಮನವರ ಬಳಿ ಸಾಲುಸಾಲು ಜೇನುಪೆಟ್ಟಿಗೆಗಳಿವೆ. ದೊಡ್ಡ ದನಿ, ದೊಡ್ಡ ನಗು, ಒಂದು ಮಾತಿಗೆ ಹತ್ತು ಮಾತು ಆಡುವ ಹೆಂಗಸು. ನಾನು ಹೋಗಿ, "ಹಳೇ ಜೇನುಮೇಣ ಇದ್ರೆ ಒಂದಿಷ್ಟು ಕೊಡ್ತೀರಾ?" ಎಂದದ್ದೇ ತಡ, ಅವರ ಮುಖ ಅರಳಿತು.

"ಓಹೋ! ಮೇಷ್ಟ್ರಿಗೂ ಆಸೆ ಬಂತಾ!"

"ಬಂತು. ಆದ್ರೆ ಗುಟ್ಟಾಗಿರಲಿ. ನಮ್ಮ ಷಡ್ಡಕನಿಗೆ ಗೊತ್ತಾಗಬಾರದು."

"ನಾನ್ಯಾಕೆ ಹೇಳ್ಲಿ ಮಾರಾಯ್ರೆ! ನೋಡಿ, ಒಳಗೆ ಮೂಲೆ ಮೂಲೆಗೂ ತೆಳ್ಳಗೆ ಸವರಬೇಕು. ನೆರಳಲ್ಲಿ ಇಡಿ. ಬಾಯಿ ತೆರೆದೇ ಇರಲಿ, ಮುಚ್ಚಬೇಡಿ. ಆಮೇಲೆ ಹೋಗಿ ಹೋಗಿ ಕೈ ಹಾಕ್ಬೇಡಿ, ತಾಳ್ಮೆ ಬೇಕು."

ಕಾರಿನ ತುಕ್ಕಿನ ಬಗ್ಗೆ ಈ ಮಹಾತಾಯಿಗೆ ಇಷ್ಟೆಲ್ಲ ತಿಳಿದಿದೆಯಲ್ಲ ಎಂದು ನಾನು ಬೆರಗಾಗಿ, ಕಪ್ಪನೆಯ ಮೇಣದ ಉಂಡೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಮರುದಿನ ಪದ್ಮಿನಿಯನ್ನು ಜಾಕಿನಿಂದ ಎತ್ತಿ ಸೈಜುಗಲ್ಲುಗಳ ಮೇಲೆ ಕೂರಿಸಿದೆ. ಪವಿತ್ರಾ ಪೇಟೆಗೆ ಹೋದ ಸಮಯ ನೋಡಿ ಅವಳ ಕಡುಬಿನ ಪಾತ್ರೆಯಲ್ಲೇ ಮೇಣ ಕರಗಿಸಿ, ಹರಳೆಣ್ಣೆ ಬೆರೆಸಿ, ಹೋಳಿಯ ಪಿಚಕಾರಿಯಲ್ಲಿ ತುಂಬಿಕೊಂಡು ಕಾರಿನ ಕೆಳಗೆ ಅಂಗಾತ ಮಲಗಿದೆ. ಬಿರಡೆಗಳನ್ನು ಕಿತ್ತು ಪಿಚಕಾರಿ ಒತ್ತಿದೆ. ಅರ್ಧ ಮೇಣ ಒಳಗೆ ಹೋಯಿತು. ಉಳಿದರ್ಧ ಭೂಮಿಯ ಆಕರ್ಷಣೆಗೆ ತಲೆಬಾಗಿ ನನ್ನ ಎದೆಯ ಮೇಲೆ ಬಿತ್ತು!

ನನ್ನ ಕೂಗು ಕೇಳಿ, ಆಗ ತಾನೇ ಆಟೋ ಇಳಿದಿದ್ದ ಪವಿತ್ರಾ ಓಡಿ ಬಂದಳು. ಎದೆಗಂಟಿದ ಮೇಣವನ್ನು ಪರ್ರೆಂದು ಕಿತ್ತಳು. ಅದರ ಜತೆ ಎದೆಯ ಕೂದಲೂ ಹೋಯಿತು.

"ಬ್ಯೂಟಿ ಪಾರ್ಲರಲ್ಲಿ ಇದಕ್ಕೆ ಹೆಂಗಸರು ಕ್ಯೂ ನಿಲ್ತಾರೆ ರೀ," ಎಂದು ಸಮಾಧಾನ ಮಾಡಿದಳು. ಅಷ್ಟರಲ್ಲಿ ಪಾತ್ರೆ ಕಣ್ಣಿಗೆ ಬಿತ್ತು. ಆಮೇಲೆ ಅವಳು ಆಡಿದ್ದನ್ನು ಇಲ್ಲಿ ಬರೆಯುವುದು ಬೇಡ.

ಏನೇ ಆಗಲಿ, ಕೆಲಸ ಮುಗಿಯಿತು. ಪೂವಮ್ಮ ಹೇಳಿದಂತೆ ತೂತುಗಳನ್ನು ಮುಚ್ಚಲಿಲ್ಲ, ಕಾರನ್ನು ಶೆಡ್ಡಿನ ನೆರಳಿನಿಂದ ಅಲುಗಿಸಲೂ ಇಲ್ಲ. ನಾಲ್ಕಾರು ದಿನ ಕಳೆದ ಮೇಲೆ ಕೆಲವು ಜೇನುಹುಳುಗಳು ಬಂದು ಕಾರಿನ ಎಡಗಡೆ ಸುಳಿದಾಡತೊಡಗಿದವು. ತೂತಿನೊಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಹೋಗುವುದು.

"ನೋಡೇ! ಹುಳುಗಳೂ ಬಂದು ನನ್ನ ಕೆಲಸ ನೋಡ್ಕೊಂಡು ಹೋಗ್ತಿವೆ!"

"ಅವಾದ್ರೂ ಮೆಚ್ಚಲಿ ಬಿಡಿ," ಎಂದಳು.

ಮೆಚ್ಚಿದವು. ಎಷ್ಟು ಮೆಚ್ಚಿದವು ಎಂದರೆ, ಮರುದಿನ ಬೆಳಿಗ್ಗೆ ನಾನು ಮಾವನಿಗೆ ಫೋನಿನಲ್ಲಿ, "ನೀವು ಯಾವಾಗ ಬೇಕಾದ್ರೂ ಬನ್ನಿ ಮಾವ, ಕೊಡೆ ಅಲ್ಲ, ಹಾರೆ ಹಾಕಿದ್ರೂ ತೂರಲ್ಲ!" ಎಂದು ಜಂಬ ಕೊಚ್ಚುತ್ತಿರುವಾಗಲೇ ಆಕಾಶದಿಂದ ಗುಂಯ್ ಎಂಬ ಸದ್ದು ಕೇಳಿಸಿತು. ಪೂವಮ್ಮನ ತೋಟದ ಕಡೆಯಿಂದ ಕಂದು ಬಣ್ಣದ ಮೋಡವೊಂದು ಹೊರಳಿಕೊಂಡು ಬಂದು, ನೆಂಟರ ಮನೆಗೆ ಬಂದಷ್ಟೇ ಸಲೀಸಾಗಿ ಪದ್ಮಿನಿಯ ಎಡಗಡೆಯ ತೊಲೆಯೊಳಗೆ ಇಳಿಯಿತು. ಇಡೀ ಹಿಂಡು! ರಾಣಿ ಸಮೇತ!

"ಏನದು ಸದ್ದು?" ಎಂದರು ಮಾವ ಫೋನಿನಲ್ಲಿ.

"ಮಿಕ್ಸಿ, ಮಾವ," ಎಂದು ಇಟ್ಟುಬಿಟ್ಟೆ.

ನಾನು ಸೋಲೊಪ್ಪುವ ಜಾತಿಯಲ್ಲ. ಹೊಗೆ ಹಾಕಿದರೆ ಜೇನು ಏಳುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ತೆಂಗಿನ ನಾರಿಗೆ ಬೆಂಕಿ ಹಚ್ಚಿ, ತೂತಿನ ಬಳಿ ಹಿಡಿದು, ಬಾಯಿಂದ ಊದಿದೆ. ಹೊಗೆ ನನ್ನ ಕಣ್ಣಿಗೇ ಬಂತು. ಹೊಗೆಯ ಹಿಂದೆಯೇ ಜೇನೂ ಬಂತು. ಮೂಗಿಗೊಂದು, ಹುಬ್ಬಿಗೊಂದು, ಮೇಲ್ದುಟಿಗೊಂದು ಮುದ್ರೆ ಒತ್ತಿ ಹೋದವು. ನಾನು ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡಾಗ ಪವಿತ್ರಾ ಬೆಚ್ಚಿಬಿದ್ದು, "ಯಾರು ಬೇಕಿತ್ತು?" ಎಂದಳು.

ಸುದ್ದಿ ತಿಳಿದು ಪೂವಮ್ಮ ಬಂದರು. ಮೊಣಕಾಲೂರಿ ತೂತಿನೊಳಗೆ ಇಣುಕಿ, "ಅಬ್ಬಾ, ಎಂಥ ಒಳ್ಳೆ ಕುಟುಂಬ ಬಂದು ಕೂತಿದೆ! ಆದ್ರೆ ಅಲ್ಲ ಮೇಷ್ಟ್ರೇ, ಪೆಟ್ಟಿಗೆ ಬಿಟ್ಟು ಕಾರಿಗೆ ಯಾಕೆ ಸವರಿದ್ರಿ?" ಎಂದರು.

"ತುಕ್ಕು ಹಿಡೀಬಾರದು ಅಂತ!"

ಪೂವಮ್ಮ ಸೊಂಟ ಹಿಡಿದುಕೊಂಡು ನಕ್ಕರು. "ಅಯ್ಯೋ ದೇವ್ರೇ! ಇಲ್ಲಿ ಹಳೇ ಮೇಣ ಕೇಳ್ಕೊಂಡು ಬರೋರು ಜೇನು ಕೂರಿಸೋಕೆ ತಾನೆ ಬರೋದು? ಖಾಲಿ ಪೆಟ್ಟಿಗೆಗೆ ಸವರಿ ನೆರಳಲ್ಲಿಟ್ರೆ ಆ ವಾಸನೆಗೆ ಹಿಂಡು ಬಂದು ಸೇರ್ಕೊಳುತ್ತೆ. ನೀವು ಕಾರಿಗೆ ಬಳೀತೀರಿ ಅಂತ ನಂಗೇನು ಕನಸು ಬೀಳುತ್ತಾ?"

"ಆಯ್ತು, ಈಗ ತೆಗೆದುಬಿಡಿ ಮತ್ತೆ!"

"ಪೆಟ್ಟಿಗೆ ಆಗಿದ್ರೆ ಮುಚ್ಚಳ ಎತ್ತಿ ತೆಗೀಬಹುದಿತ್ತು. ಇದಕ್ಕೆ ಮುಚ್ಚಳ ಎಲ್ಲಿದೆ? ಈ ತಗಡು ಉದ್ದಕ್ಕೆ ಕೊಯ್ಯಬೇಕು."

ಕೇಳಿದಿರಾ? ತಳಕ್ಕೆ ತೂತು ಬೀಳಬಾರದೆಂದು ಎದೆಯ ಕೂದಲು ಕಳೆದುಕೊಂಡವನು ನಾನು. ಈಗ ನಾನೇ ನಿಂತು ಅದನ್ನು ಸೀಳಿಸಬೇಕು! ಸೀಳಿಸಿದರೆ ಕೊಡೆಯೇನು, ಕೊಡೆ ಹಿಡಿದ ಮಾವನೇ ತೂರಬಹುದು. ಕಾರು ಹೋಯಿತು, ಮೈಸೂರಿಗೆ ಹೋಯಿತು ಎಂದು ನನಗೆ ನಿಜವಾಗಿಯೂ ಅಳು ಬಂತು. ಕಣ್ಣು ಊದಿಕೊಂಡಿದ್ದರಿಂದ ನೀರು ಮಾತ್ರ ಬರಲಿಲ್ಲ.

ಕೊನೆಗೆ ಒಂದು ರಾಜತಂತ್ರ ಹೊಳೆಯಿತು. ಕತ್ತಲಾಗುವ ಹೊತ್ತಿಗೆ ಜೇನು ಒಳಗೆ ಸೇರಿ ಸುಮ್ಮನಾಗುತ್ತದೆ. ಮಾವನನ್ನು ಸಂಜೆ ಕರೆಸಿದರಾಯಿತು!

ಮಾವ ಬಂದದ್ದು ಬೆಳಿಗ್ಗೆ. ಹೇಳದೆ ಕೇಳದೆ! ಜತೆಗೆ ನಿರಂಜನ್, ಪದ್ಮಿನಿಯನ್ನು ಓಡಿಸಿಕೊಂಡು ಹೋಗಲು ಕಪ್ಪು ಕನ್ನಡಕ ಹಾಕಿಕೊಂಡೇ ಬಂದಿದ್ದ.

"ಇದೇನು ಅಳಿದೇವ್ರೇ ಮುಖ?" ಎಂದರು ಮಾವ. ಮಂಜುಗಣ್ಣಿಗೂ ಕಾಣುವಷ್ಟು ಊದಿತ್ತು.

"ಅಲರ್ಜಿ, ಮಾವ."

"ಸತ್ಯ ಹೇಳಿದ್ರೆ ಆಗೋ ಅಲರ್ಜಿ," ಎಂದು ಪವಿತ್ರಾ ಒಳಗಿನಿಂದ ಗೊಣಗಿದ್ದು ನನಗೊಬ್ಬನಿಗೇ ಕೇಳಿಸಿತು.

ಮಾವ ಬಗ್ಗಿ ಕೊಡೆಯ ತುದಿಯಿಂದ ತಳಕ್ಕೆ ಕುಟ್ಟುತ್ತಾ ಬಂದರು. ಮುಂದೆ ಟಣ್! ಹಿಂದೆ ಟಣ್! ನಾನು ಮೊದಲೇ ಬಿರಡೆ ಹಾಕಿಟ್ಟಿದ್ದ ಬಲಗಡೆ ಉದ್ದಕ್ಕೂ ಟಣ್ ಟಣ್! ಎಲ್ಲೂ ತೂರಲಿಲ್ಲ. "ಭೇಷ್! ಕಬ್ಬಿಣದ ಕಡಲೆ ಇದ್ದಂಗಿದೆ," ಎಂದರು. ನಿರಂಜನನ ಮುಖ ಬಾಡಿತು. ನನ್ನ ಎದೆ ಉಬ್ಬಿತು.

ಮಾವ ಎಡಗಡೆಗೆ ತಿರುಗಿದರು.

"ಅಲ್ಲಿ ಬೇಡ ಮಾವ! ಅಲ್ಲಿನ್ನೂ ಮೇಣ ಹಸಿ ಇದೆ!"

"ಹಸಿನಾ? ತೂತು ಮುಚ್ಚಿಟ್ಟವ್ನೆ ಮಾವ ಇವ್ನು! ನಾನು ತೋರಿಸ್ತೀನಿ ತಡೀರಿ!" ಎಂದು ನಿರಂಜನ್ ಮುನ್ನುಗ್ಗಿ ಬಂದು ಆ ತೊಲೆಗೆ ಬೂಟುಗಾಲಿನಿಂದ ಒಂದು ಒದೆ ಕೊಟ್ಟ.

ಪದ್ಮಿನಿ ಗುಂಯ್ ಎಂದಳು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಹಾಲು ಕುಡಿದಷ್ಟು ಸಂತೋಷ. ನಿರಂಜನ್ ಮುಂದೆ, ಜೇನು ಹಿಂದೆ! ಅಂಗಳಕ್ಕೆ ಮೂರು ಸುತ್ತು ಹಾಕಿ, ಕನ್ನಡಕ ಎಲ್ಲೋ, ಬೂಟು ಎಲ್ಲೋ ಬಿಸಾಡಿ, ಕೊನೆಗೆ ಬಟ್ಟೆ ನೆನೆಹಾಕಿದ್ದ ದೊಡ್ಡ ಟಬ್ಬಿನೊಳಗೆ ಕೂತು ನನ್ನ ಲುಂಗಿಯನ್ನು ತಲೆಗೆ ಹೊದ್ದುಕೊಂಡ. ಮಾವ ಕೊಡೆ ಬಿಚ್ಚಿ ಅದರ ಕೆಳಗೆ ಅಲ್ಲಾಡದೆ ನಿಂತಿದ್ದರು. ಅವರನ್ನು ಒಂದು ಹುಳವೂ ಮುಟ್ಟಲಿಲ್ಲ.

ಎಲ್ಲ ಶಾಂತವಾದ ಮೇಲೆ ನಾನು ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಹೇಳಿದೆ. ಟಬ್ಬಿನೊಳಗಿಂದ ನಿರಂಜನ್, "ಕೊಯ್ಸಿ ಮಾವ! ಇವತ್ತೇ ವೆಲ್ಡಿಂಗ್‌ನೋರನ್ನ ಕರೆಸಿ ಕೊಯ್ಸಿ, ನಾನು ತಗೊಂಡೋಗ್ತೀನಿ," ಎಂದು ಕಿರುಚಿದ.

"ಬಾಯ್ಮುಚ್ಚು!" ಎಂದು ಮಾವ ಗದರಿದರು. "ತಾನಾಗಿ ಬಂದು ಮನೆ ಸೇರಿದ ಜೇನನ್ನ ಎಬ್ಬಿಸ್ತಾರಾ? ಲಕ್ಷ್ಮಿ ಬಂದಂಗೆ ಅದು! ಗಾಡಿ ಇಲ್ಲಿಂದ ಒಂದು ಗೇಣು ಅಲ್ಲಾಡಬಾರದು."

ನಿರಂಜನ್ ಸೋತ! ಪದ್ಮಿನಿ ಮೈಸೂರಿಗೆ ಹೋಗುವುದಿಲ್ಲ! ಊದಿದ ತುಟಿಯಲ್ಲೇ ಆದಷ್ಟು ಅಗಲವಾಗಿ ನಕ್ಕೆ.

ಮಾವ ನನ್ನ ಕಡೆ ತಿರುಗಿದರು. "ಅಳಿದೇವ್ರೇ, ಮಳೆಗಾಲದಲ್ಲಿ ಹೂವಿರಲ್ಲ, ಅವು ಉಪವಾಸ ಬೀಳ್ತವೆ. ನೀವು ಮರೀದೆ ಸಕ್ಕರೆ ಪಾಕ ಕಾಸಿ ಇಡಬೇಕು. ಕಾಲೇಜಿಗೆ ಹೆಂಗೂ ಬಸ್ಸಿದೆ."

"ಇಡ್ತೀನಿ ಮಾವ, ಅದಕ್ಕೇನಂತೆ! ಆದ್ರೆ ಕೊಡೆ ಎಲ್ಲೂ ತೂರ್ಲಿಲ್ಲ ಅಲ್ವಾ? ಮಾತು ಕೊಟ್ಟಂಗೆ ಕಾರು ನನ್ನದೇ ತಾನೇ?"

ಮಾವ ನನ್ನನ್ನು ನೋಡಿದರು. ಟಬ್ಬಿನಲ್ಲಿ ಲುಂಗಿ ಹೊದ್ದು ಕೂತಿದ್ದ ನಿರಂಜನನನ್ನು ನೋಡಿದರು. ಕಾರಿನ ಕೀಯನ್ನು ನನ್ನ ಕೈಯಿಂದ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ನಿಮ್ಮದೂ ಅಲ್ಲ, ಅವನದೂ ಅಲ್ಲ. ಇನ್ಮೇಲೆ ಕಾರು ಜೇನಿಂದು," ಎಂದರು. "ನನ್ನ ಹೆಣ್ಮಕ್ಕಳಿಬ್ಬರ ಮದುವೆ ಆದಾಗಿಂದ ಹೊರಗಿಂದ ಬಂದು ನಮ್ಮ ಮನೆ ಸೇರಿದೋರಲ್ಲಿ, ದುಡ್ಕೊಂಡು ತಿನ್ನೋರು ಅಂತ ಬಂದಿರೋದು ಇವೇ ಮೊದ್ಲು!"