ಎಸೆತಕ್ಕೆ ಎಷ್ಟು ಗಜ?

ಯಾರನ್ನು ಕಂಡರೆ ನಮ್ಮ ಹೊಟ್ಟೆ ಉರಿಯುತ್ತದೋ ಅವರು ಪಕ್ಕದ ಮೇಜಿಗೇ ಬಂದು ಕೂರುತ್ತಾರೆ. ಎಂಬತ್ತರ ದಶಕದಲ್ಲಿ ಮಿಲ್ಪಿಟಾಸ್‌ನ ನಮ್ಮ ಆಫೀಸಿಗೆ ಹಾಗೆ ಬಂದವನು ಒಬ್ಬ ಮೈಸೂರಿನವನು. ನಾನು ಅಲ್ಲಿ ಏಳು ವರ್ಷದ ಹಳಬ. ನಮ್ಮ ಮ್ಯಾನೇಜರು ವರ್ಷಕ್ಕೊಮ್ಮೆ ಯಾರಾದರೂ ಒಬ್ಬರನ್ನು ಕಾಲೇಜು ಹುಡುಗರ ಅಮೆರಿಕನ್ ಫುಟ್‌ಬಾಲ್ ಮ್ಯಾಚಿಗೆ ಕರೆದೊಯ್ಯುತ್ತಿದ್ದರು. ಆ ಟಿಕೆಟ್ಟಿಗೆ ಏಳು ವರ್ಷದಿಂದ ನಾನು ಬಾಯಿ ಬಾಯಿ ಬಿಡುತ್ತಿದ್ದೆ.

ಊಟದ ಮೇಜು

ಊಟದ ಹೊತ್ತಿನಲ್ಲಿ ಆಫೀಸಿನ ಅಮೆರಿಕನ್ನರಿಗೆ ಒಂದೇ ವಾದ: ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಹುಡುಗರಲ್ಲಿ ಯಾರು ಮೇಲು? ಎಸೆತಗಳಿಂದ ತಂಡವನ್ನು ಮುಂದೊಯ್ದ ಒಟ್ಟು ಗಜ ಯಾರದು ಹೆಚ್ಚೋ ಅವನೇ ಮೇಲು ಎಂದು ಎಲ್ಲರೂ ನಂಬಿದ್ದರು. ಮೈಸೂರಿನವನು ನೋಟ್‌ಬುಕ್ ತೆಗೆದ.

"ಒಟ್ಟು ನೋಡಬೇಡಿ. ಒಂದು ಎಸೆತಕ್ಕೆ ಎಷ್ಟು ಗಜ ಬಂತು, ಚೆಂಡನ್ನು ಎದುರಾಳಿ ಕೈಗೆ ಎಷ್ಟು ಸಲ ಕೊಟ್ಟ, ಅದನ್ನು ನೋಡಿ" ಎಂದ.

ಕ್ರಿಕೆಟ್ ಸರಾಸರಿ ಬಾಯಿಪಾಠ ಮಾಡಿ ಬೆಳೆದವರು ನಾವಿಬ್ಬರೂ. ಇದು ನನಗೇಕೆ ಹೊಳೆಯಲಿಲ್ಲ? ಮ್ಯಾನೇಜರು ಮೆಚ್ಚಿದರು, ಆ ವರ್ಷದ ಟಿಕೆಟ್ಟು ಅವನಿಗೇ ಹೋಯಿತು. ಮೊದಲು ಕೈಕುಲುಕಿದವನು ನಾನೇ. ಆಮೇಲೆ ಪಾರ್ಕಿಂಗ್‌ನಲ್ಲಿ ಅವನ ಕಾರಿನ ಟೈರಿಗೆ ಒಂದು ಒದೆ ಕೊಟ್ಟೆ. ಎರಡು ದಿನ ಕುಂಟಿದವನೂ ನಾನೇ.

ಚಪಾತಿ

ಮರ್ಯಾದೆಗಾದರೂ ಅವನನ್ನು ಮನೆಗೆ ಕರೆಯಬೇಕಾಯಿತು. ನನ್ನ ಹೆಂಡತಿ ಅವನನ್ನು ಕೇಳಿದಳು: "ಅದೇನ್ರೀ ನಿಮ್ಮ ಎಸೆತದ ಲೆಕ್ಕ?"

"ಸುಲಭ ಅತ್ತಿಗೆ. ಒಟ್ಟು ಎಷ್ಟು ಚಪಾತಿ ಮಾಡಿದ್ರಿ ಅನ್ನೋದಲ್ಲ, ಅದರಲ್ಲಿ ಎಷ್ಟು ಉಬ್ಬಿತು ಅನ್ನೋದು."

ನಾನು ಆಟ ವಿವರಿಸಿದಾಗಲೆಲ್ಲ ಆಕಳಿಸುತ್ತಿದ್ದವಳು ಅವನಿಗೆ ಎರಡನೇ ಸಲ ತುಪ್ಪ ಬಡಿಸಿದಳು. ನನ್ನ ಚಪಾತಿ ಒಣಗಿಕೊಂಡೇ ಇತ್ತು.

ನೂರಕ್ಕೆ ನೂರು

ಮರುವರ್ಷ ನಾನೂ ಗುಟ್ಟಾಗಿ ಪತ್ರಿಕೆಗಳನ್ನು ತಿರುವಿ, ಎಲ್ಲರನ್ನೂ ಮೀರಿಸುವ ಒಬ್ಬ ಹುಡುಗನನ್ನು ಹುಡುಕಿದೆ. ಅಂಕಿ ಓದುವ ಭರದಲ್ಲಿ ಅವನ ಮನೆತನದ ಹೆಸರನ್ನು ಗಮನಿಸಿರಲೇ ಇಲ್ಲ. ಊಟದ ಮೇಜಿನಲ್ಲಿ ಘೋಷಿಸಿದೆ: "ಈ ಹುಡುಗ ನೂರಕ್ಕೆ ನೂರು. ಎಸೆದದ್ದೆಲ್ಲ ತನ್ನವರ ಕೈಗೇ, ಎದುರಾಳಿಗೆ ಒಂದೂ ಕೊಟ್ಟಿಲ್ಲ."

ಮೈಸೂರಿನವನು ನೋಟ್‌ಬುಕ್ ನೋಡಿ ಹೇಳಿದ: "ಸಾರ್, ಅವನು ಇಡೀ ವರ್ಷ ಎಸೆದಿರೋದೇ ಒಂದು ಸಲ."

ಎಲ್ಲರೂ ನಕ್ಕರು. ಮ್ಯಾನೇಜರು ಮಾತ್ರ ನಗಲಿಲ್ಲ. "ಅವನು ನನ್ನ ಮಗ" ಎಂದು ನನ್ನ ಬೆನ್ನು ತಟ್ಟಿದರು.

ಟಿಕೆಟ್ಟು ನನಗೇ ಸಿಕ್ಕಿತು. ಆಟ ಮುಗಿಯುವವರೆಗೂ ಮಗರಾಯ ಬೆಂಚು ಬಿಟ್ಟು ಏಳಲಿಲ್ಲ. ಹಾಗಾಗಿ ನೂರಕ್ಕೆ ನೂರು ಹಾಗೇ ಉಳಿಯಿತು.

ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: "ನೋಡು, ಅವನಿಗೂ ಒಂದು ಟಿಕೆಟ್ಟು, ನನಗೂ ಒಂದು. ಈಗ ಸಮ ಸಮ."

ಅವಳು ಹಿಟ್ಟು ನಾದುತ್ತಲೇ ಅಂದಳು: "ಒಟ್ಟು ನೋಡಬಾರದು ಅಲ್ವೇನ್ರೀ? ಅವರು ಬಂದ ವರ್ಷವೇ ಉಬ್ಬಿದ್ರು. ನೀವು ಎಂಟು ವರ್ಷ ಕಾವಲಿ ಮೇಲೇ ಇದ್ರಲ್ಲ."